ಮೊದಲು ಜೀವನಚರಿತ್ರೆಯೋ, ಕಾದಂಬರಿಯೋ? ಇಂಗ್ಲೆಂಡಿನ ಅರಸುಮನೆತನದ ಪುಸ್ತಕಗಳ ಬಗ್ಗೆ

ಕಾಫಿತೋಟ

ದಿ ಕ್ರೌನ್ ಧಾರಾವಾಹಿಯನ್ನು ನೋಡಿ ಮುಗಿಸಿದ ಮೇಲೆ ಬ್ರಿಟಿಷ್ ರಾಜರಾಣಿಯರ ಬಗ್ಗೆ ಓದುವ ಹುಚ್ಚು ಹತ್ತಿದೆ. ಪುಸ್ತಕದಂಗಡಿಗೆ ಹೋದರೆ ಎದೆ ಝಲ್ಲೆನ್ನುತ್ತದೆ. ಒಂದು ಕಪಾಟಿನಲ್ಲಿ ಇಟ್ಟಿಗೆ ಗಾತ್ರದ ಜೀವನಚರಿತ್ರೆಗಳು, ಪಕ್ಕದ ಕಪಾಟಿನಲ್ಲಿ ಕಾದಂಬರಿಗಳು. ಮುಖಪುಟದಲ್ಲಿ ರೇಷ್ಮೆಯ ಗೌನು ತೊಟ್ಟ ಹೆಂಗಸು, ಕತ್ತಿನಿಂದ ಮೇಲಕ್ಕೆ ಚಿತ್ರವೇ ಇಲ್ಲ. ಎಲ್ಲಿಂದ ಶುರು ಮಾಡಲಿ? ಕಾದಂಬರಿ ಮೊದಲು ಓದಿದರೆ ಸುಳ್ಳು ತಲೆಯಲ್ಲಿ ಬೇರೂರುತ್ತದೆ ಎಂದು ನನ್ನ ಅಣ್ಣ ಹೆದರಿಸುತ್ತಿದ್ದಾನೆ. ಓದಿದವರು ದಾರಿ ತೋರಿಸಿ.

ಹಳೆಪುಸ್ತಕ

ಜೀವನಚರಿತ್ರೆ ಮೊದಲು ಓದಿದರೂ ಸುಳ್ಳು ಬೇರೂರುತ್ತದೆ ಎಂದು ನಿಮ್ಮ ಅಣ್ಣನಿಗೆ ತಿಳಿಸಿ. ಅದು ಅಡಿಟಿಪ್ಪಣಿ ಜೊತೆಗಿಟ್ಟುಕೊಂಡು ಬರುವುದರಿಂದ ಗುರುತು ಹಿಡಿಯುವುದು ಕಷ್ಟ.

ನನ್ನ ಮತ ಹಿಲರಿ ಮ್ಯಾಂಟೆಲ್ ಅವರ 'ವೂಲ್ಫ್ ಹಾಲ್'ಗೆ. 2009ರಲ್ಲಿ ಬುಕರ್ ಪ್ರಶಸ್ತಿ ಬಂತು, ಎರಡನೆಯ ಭಾಗಕ್ಕೆ 2012ರಲ್ಲಿ ಮತ್ತೊಮ್ಮೆ ಬಂತು, ಮೂರನೆಯದು 2020ರಲ್ಲಿ ಹೊರಬಿತ್ತು. ಕಥಾನಾಯಕ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್. ಪಟ್ನಿಯ ಕಮ್ಮಾರನ ಮಗ. ರಾಜನ ಹಣ, ರಾಜನ ಚರ್ಚು, ರಾಜನ ಮದುವೆಗಳು ಎಲ್ಲವನ್ನೂ ಕೈಗೆತ್ತಿಕೊಂಡು ನಡೆಸಿ, ಕೊನೆಗೆ 1540ರ ಜುಲೈ 28ರಂದು ಅದೇ ರಾಜನ ಅಪ್ಪಣೆಯಿಂದ ತಲೆ ಕಳೆದುಕೊಂಡವನು.

ಮೊದಲ ಐವತ್ತು ಪುಟ ತೊಡಕಾಗುತ್ತದೆ, ಬಿಡಬೇಡಿ. ಯಾರೆಂದು ಹೇಳದೆ 'ಅವನು' ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಕ್ರಾಮ್ವೆಲ್. ಇನ್ನೊಂದು ತಾಪತ್ರಯ ಹೆಸರುಗಳದ್ದು, ಅದಕ್ಕೆ ಲೇಖಕಿ ಹೊಣೆಯಲ್ಲ: ವೂಲ್ಸಿ, ಮೋರ್, ಕ್ರ್ಯಾನ್ಮರ್, ಕವಿ ವಯಟ್, ಹೆನ್ರಿಯ ಎರಡನೆಯ ಹೆಂಡತಿ ಆನ್ ಬೊಲಿನ್‌ಳ ಅಪ್ಪ, ಅವಳ ಸೋದರಮಾವ, ಎಲ್ಲರೂ ಥಾಮಸ್‌ಗಳೇ. ಪುಸ್ತಕದ ಆರಂಭದಲ್ಲಿ ಪಾತ್ರಗಳ ಪಟ್ಟಿ ಇದೆ. ಅಲ್ಲೊಂದು ಕಾಗದದ ಚೂರು ಸಿಕ್ಕಿಸಿ ಇಟ್ಟುಕೊಳ್ಳಿ.

ಇದನ್ನು ಮುಗಿಸಿ ಡರ್ಮಿಡ್ ಮೆಕಲಕ್ 2018ರಲ್ಲಿ ಪ್ರಕಟಿಸಿದ ಕ್ರಾಮ್ವೆಲ್‌ನ ಜೀವನಚರಿತ್ರೆಗೆ ಹೋಗಿ. ಕ್ರಾಮ್ವೆಲ್ ಬಂಧನವಾದಾಗ ಅವನ ಕಾಗದಪತ್ರಗಳನ್ನೆಲ್ಲ ರಾಜನ ಕಡೆಯವರು ವಶಪಡಿಸಿಕೊಂಡರು. ಹೀಗಾಗಿ ಅವನಿಗೆ ಬಂದ ಪತ್ರಗಳು ಸಾವಿರಗಟ್ಟಲೆ ಉಳಿದಿವೆ. ಅವನು ಬರೆದು ಕಳಿಸಿದವುಗಳ ನಕಲುಗಳು ಮಾತ್ರ ಕಾಣೆ. ಸುದ್ದಿ ತಿಳಿದ ಕೂಡಲೇ ಮನೆಯವರು ಅವನ್ನು ಸುಟ್ಟಿರಬೇಕು ಎಂಬುದು ಮೆಕಲಕ್ ಅವರ ಊಹೆ. ಎದುರಿನವರ ಮಾತು ಮಾತ್ರ ಕೇಳಿಸುತ್ತದೆ, ಕ್ರಾಮ್ವೆಲ್‌ನ ಉತ್ತರ ಕೇಳಿಸುವುದಿಲ್ಲ. ಮ್ಯಾಂಟೆಲ್ ಕಾದಂಬರಿ ಕಟ್ಟಿದ್ದು ಆ ಕೇಳಿಸದ ಅರ್ಧದಲ್ಲಿ. ಯಾವ ಅರಸುಮನೆಯ ಪುಸ್ತಕ ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಇದನ್ನೇ. ಕಾಗದ ಯಾರ ಬಳಿ ಇತ್ತು, ಯಾರು ಸುಟ್ಟರು, ಬರೆದವರಿಗೆ ಯಾರ ಅನುಮತಿ ಬೇಕಾಗಿತ್ತು?

ರಾಣಿಜೇನು

ಎಲ್ಲರೂ ಮ್ಯಾಂಟೆಲ್ ಮ್ಯಾಂಟೆಲ್ ಎನ್ನುತ್ತೀರಿ. ನನ್ನನ್ನು ಈ ಲೋಕಕ್ಕೆ ಎಳೆದು ತಂದದ್ದು ಫಿಲಿಪಾ ಗ್ರೆಗರಿ ಅವರ 'ದಿ ಅದರ್ ಬೊಲಿನ್ ಗರ್ಲ್'. ಅಕ್ಕತಂಗಿಯರ ಪೈಪೋಟಿ, ಮಕ್ಕಳನ್ನು ಮುಂದಿಟ್ಟು ಜೂಜಾಡುವ ಮನೆ ಹಿರಿಯರು, ಗಂಡುಮಗುವಿಗಾಗಿ ಹಪಹಪಿಸುವ ರಾಜ. ಇದು ನಮಗೆ ಅರ್ಥವಾಗದ ಸಂಸಾರವೇನಲ್ಲ. ಒಂದೇ ರಾತ್ರಿಯಲ್ಲಿ ಇನ್ನೂರು ಪುಟ ಓದಿಸಿಕೊಂಡಿತು. ಕಾಫಿತೋಟ ಅವರೇ, ಇದರಿಂದಲೇ ಶುರು ಮಾಡಿ, ಯಾರು ಏನೇ ಅಂದುಕೊಳ್ಳಲಿ.

ತುಂಗಾತೀರ

ರಾಣಿಜೇನು ಅವರೇ, ಓದಿಸಿಕೊಳ್ಳುವ ಶಕ್ತಿಯ ಬಗ್ಗೆ ತಕರಾರಿಲ್ಲ. ಆದರೆ ಆ ಪುಸ್ತಕ ಓದಿ ಬರುವ ವಿದ್ಯಾರ್ಥಿಗಳಿಗೆ ನಾನು ತರಗತಿಯಲ್ಲಿ ಮೂರು ವಿಷಯ ಹೇಳಬೇಕಾಗುತ್ತದೆ. ಕಾದಂಬರಿಯಲ್ಲಿ ಮೇರಿ ಆನ್‌ಳ ತಂಗಿ. ಬಹುಪಾಲು ಇತಿಹಾಸಕಾರರ ಪ್ರಕಾರ ಅವಳು ಅಕ್ಕ. ಆನ್ ಹುಟ್ಟಿದ ವರ್ಷವೇ ಖಚಿತವಿಲ್ಲ, 1501 ಎನ್ನುವವರಿದ್ದಾರೆ, 1507 ಎನ್ನುವವರಿದ್ದಾರೆ. 1536ರ ಮೇ 19ರಂದು ತಲೆ ಉರುಳಿದಾಗ ಅವಳಿಗೆ ಇಪ್ಪತ್ತೆಂಟೋ ಮೂವತ್ತೈದೋ ಎಂಬುದೇ ತಿಳಿಯದು.

ಎರಡನೆಯದು, ಅವಳಿಗೆ ಗರ್ಭಪಾತವಾದಾಗ ವಿಕಾರವಾದ ಪಿಂಡ ಹೊರಬಂತು ಎಂಬ ಕಥೆ. ಇದರ ಮೂಲ ನಿಕೊಲಸ್ ಸ್ಯಾಂಡರ್ ಎಂಬ ದೇಶಭ್ರಷ್ಟ ಕ್ಯಾಥೊಲಿಕ್ ಪಾದ್ರಿಯ ಪುಸ್ತಕ. ಅದು ಅಚ್ಚಾದದ್ದು 1585ರಲ್ಲಿ, ಆನ್ ಸತ್ತು ಅರ್ಧ ಶತಮಾನ ಕಳೆದ ಮೇಲೆ, ಅವಳ ಮಗಳು ಎಲಿಜಬೆತ್‌ಳ ಹೆಸರಿಗೆ ಮಸಿ ಬಳಿಯಬೇಕಾಗಿದ್ದ ಹೊತ್ತಿನಲ್ಲಿ. ಕಾದಂಬರಿ ಅದನ್ನು ನಡೆದ ಸಂಗತಿಯಾಗಿ ತೋರಿಸುತ್ತದೆ.

ಮೂರನೆಯದು ಹಳೆಪುಸ್ತಕ ಅವರ ಮಾತಿಗೇ ಸೇರುತ್ತದೆ. ಹೆನ್ರಿ ಆನ್‌ಳಿಗೆ ಬರೆದ 17 ಪ್ರೇಮಪತ್ರಗಳು ವ್ಯಾಟಿಕನ್ ಗ್ರಂಥಾಲಯದಲ್ಲಿ ಇವೆ. ಅವಳು ಬರೆದ ಉತ್ತರಗಳು ಒಂದೂ ಇಲ್ಲ. ಅವಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಪವಿತ್ರ ರೋಮನ್ ಚಕ್ರವರ್ತಿಯ ರಾಯಭಾರಿ ಯೂಸ್ಟಸ್ ಶಾಪ್ವಿ ಬರೆದ ವರದಿಗಳಿಂದ ಬಂದದ್ದು. ಆತನ ಬಾಯಲ್ಲಿ ಅವಳು ರಾಣಿಯಲ್ಲ, ಇಟ್ಟುಕೊಂಡವಳು. ಅವಳಿಗೆ ಆಗದವರು ಬರೆದದ್ದನ್ನು ನಂಬಿ ಅವಳನ್ನು ಗುರುತಿಸಬೇಕು.

ರಾಣಿಜೇನು

ಸರಿ ಮೇಷ್ಟ್ರೇ. ಆದರೂ ಎರಿಕ್ ಐವ್ಸ್ ಬರೆದ ಆನ್‌ಳ ಜೀವನಚರಿತ್ರೆಯನ್ನು ನಾನು ಹುಡುಕಿಕೊಂಡು ಹೋಗಿ ಓದಿದ್ದು ಈ ಕಾದಂಬರಿಯಿಂದಾಗಿಯೇ. ಐವ್ಸ್ ಮೊದಲು ಸಿಕ್ಕಿದ್ದರೆ ಮೂವತ್ತನೆಯ ಪುಟದಲ್ಲಿ ನಿದ್ದೆ ಹೋಗುತ್ತಿದ್ದೆ.

ಅನುಮಾನಪ್ಪ

ನಮ್ಮನ್ನು ಇನ್ನೂರು ವರ್ಷ ಸುಲಿದವರ ಮನೆಯ ಹೆಂಡತಿ ಜಗಳ ಓದುವುದಕ್ಕೆ ಇಷ್ಟು ಚರ್ಚೆಯೇ? ಮೈಸೂರು ಒಡೆಯರ ಬಗ್ಗೆ, ಕೆಳದಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವರು ಇಲ್ಲಿ ಎಷ್ಟು ಜನರಿದ್ದೀರಿ?

ಹಳೆಪುಸ್ತಕ

ಕೆಳದಿಯ ಬಗ್ಗೆ ಬೇರೆ ಎಳೆ ಶುರು ಮಾಡಿ, ನಾನು ಬರುತ್ತೇನೆ. ಆದರೆ ಎಂಟನೆಯ ಹೆನ್ರಿಯ ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿರಲೇ ಇಲ್ಲ. ಅವನು ಸುಲಿದದ್ದು ತನ್ನದೇ ನಾಡಿನ ಮಠಗಳನ್ನು.

ತುಂಗಾತೀರ

ಅನುಮಾನಪ್ಪ ಅವರಿಗೆ ಒಂದು ಪುಸ್ತಕ ಹೇಳುತ್ತೇನೆ, ಅವರ ಹೆಸರಿಗೆ ತಕ್ಕದ್ದು. ಜೋಸೆಫೀನ್ ಟೇ ಅವರ 'ದಿ ಡಾಟರ್ ಆಫ್ ಟೈಮ್', 1951ರದ್ದು. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವ ಪೊಲೀಸ್ ಅಧಿಕಾರಿ, ಬೇಸರ ಕಳೆಯಲು ಮೂರನೆಯ ರಿಚರ್ಡ್‌ನ ಚಿತ್ರಪಟ ನೋಡುತ್ತ, ಈ ಮುಖ ಕೊಲೆಗಾರನದ್ದಿರಬಹುದೇ ಎಂದು ತನಿಖೆಗೆ ಇಳಿಯುತ್ತಾನೆ. ಹಾಸಿಗೆ ಬಿಟ್ಟು ಏಳದೆಯೇ ಇಡೀ ತನಿಖೆ.

ಕಥೆ ಗೊತ್ತಿಲ್ಲದವರಿಗೆ: 1483ರಲ್ಲಿ ನಾಲ್ಕನೆಯ ಎಡ್ವರ್ಡ್ ಸತ್ತ. ಹನ್ನೆರಡು ವರ್ಷದ ಮಗ ಐದನೆಯ ಎಡ್ವರ್ಡ್ ಪಟ್ಟಕ್ಕೆ ಬರಬೇಕಿತ್ತು. ಚಿಕ್ಕಪ್ಪ ರಿಚರ್ಡ್ ಅವನನ್ನೂ ಒಂಬತ್ತು ವರ್ಷದ ತಮ್ಮನನ್ನೂ ಲಂಡನ್ ಗೋಪುರದಲ್ಲಿ ಇರಿಸಿದ. ಅವರ ಅಪ್ಪ ಅಮ್ಮನ ಮದುವೆಯೇ ಸಿಂಧುವಲ್ಲ ಎಂಬ ಕಾರಣ ಮುಂದಿಟ್ಟು ತಾನೇ ರಾಜನಾದ. ಆ ಬೇಸಿಗೆಯ ನಂತರ ಹುಡುಗರನ್ನು ಕಂಡವರಿಲ್ಲ. ಎರಡು ವರ್ಷದ ಬಳಿಕ, 1485ರ ಆಗಸ್ಟ್ 22ರಂದು, ಬಾಸ್‌ವರ್ತ್ ಕಾಳಗದಲ್ಲಿ ರಿಚರ್ಡ್ ಸತ್ತ. ಟ್ಯೂಡರ್ ಮನೆತನದ ಏಳನೆಯ ಹೆನ್ರಿ ಕಿರೀಟ ತೊಟ್ಟ. ಅಲ್ಲಿಂದಾಚೆಗೆ ಬರೆದವರೆಲ್ಲ ಗೆದ್ದೆತ್ತಿನ ಬಾಲ ಹಿಡಿದವರು. ರಿಚರ್ಡ್‌ನನ್ನು ರಾಕ್ಷಸನಾಗಿ ಚಿತ್ರಿಸಿದ ಥಾಮಸ್ ಮೋರ್ ಆ ಘಟನೆ ನಡೆದಾಗ ಐದು ವರ್ಷದ ಮಗು. ಬೆಳೆದದ್ದು ರಿಚರ್ಡ್‌ನ ವೈರಿ ಜಾನ್ ಮಾರ್ಟನ್ ಅವರ ಮನೆಯಲ್ಲಿ. ಶೇಕ್ಸ್‌ಪಿಯರ್ ನಾಟಕ ಬರೆದದ್ದು ಏಳನೆಯ ಹೆನ್ರಿಯ ಮೊಮ್ಮಗಳು ಎಲಿಜಬೆತ್ ಆಳುತ್ತಿದ್ದಾಗ. ಇನ್ನೇನು ಬರೆದಾನು?

ಟೇ ಅವರ ತೀರ್ಪು ರಿಚರ್ಡ್ ನಿರಪರಾಧಿ, ತಪ್ಪು ಏಳನೆಯ ಹೆನ್ರಿಯದ್ದು ಎಂಬುದು. ನನಗೆ ಅದು ಒಪ್ಪಿಗೆಯಿಲ್ಲ. ಡೊಮಿನಿಕ್ ಮಾನ್ಚಿನಿ ಎಂಬ ಇಟಲಿಯವನು 1483ರ ಬೇಸಿಗೆಯಲ್ಲಿ ಲಂಡನ್‌ನಲ್ಲೇ ಇದ್ದು, ಅದೇ ವರ್ಷದ ಕೊನೆಗೆ ತಾನು ಕಂಡದ್ದನ್ನು ಬರೆದಿಟ್ಟ. ಹಸ್ತಪ್ರತಿ ಫ್ರಾನ್ಸಿನ ಲೀಲ್ ನಗರದ ಗ್ರಂಥಾಲಯದಲ್ಲಿ ಸಿಕ್ಕಿದ್ದು 1934ರಲ್ಲಿ. ಹುಡುಗರು ದಿನದಿನಕ್ಕೆ ಕಿಟಕಿಗಳಲ್ಲಿ ಕಾಣಿಸುವುದು ಕಡಿಮೆಯಾಗಿ ಕೊನೆಗೆ ಕಾಣಿಸದೇ ಹೋದರೆಂದೂ, ಎಡ್ವರ್ಡ್‌ನ ಹೆಸರೆತ್ತಿದರೆ ಜನ ಅಳುತ್ತಿದ್ದರೆಂದೂ ಅವನು ಬರೆಯುತ್ತಾನೆ. ಅವನು ಟ್ಯೂಡರ್‌ಗಳ ಸಂಬಳ ತಿಂದವನಲ್ಲ, ಟ್ಯೂಡರ್‌ಗಳು ಬರುತ್ತಾರೆಂದು ಗೊತ್ತಿದ್ದವನೂ ಅಲ್ಲ. ಟೇ ಕಾದಂಬರಿ ಅದ್ಭುತ, ಆದರೆ ಪತ್ತೇದಾರನೇ ವಕೀಲನಾಗಿಬಿಟ್ಟಿದ್ದಾನೆ.

ಲೆಸ್ಟರ್‌ವಾಸಿ

ರಿಚರ್ಡ್ ಮಾತು ಬಂತು, ಲೆಸ್ಟರ್‌ನಲ್ಲಿರುವ ನನಗೆ ಸುಮ್ಮನಿರಲಾಗಲಿಲ್ಲ. 2012ರಲ್ಲಿ ಇಲ್ಲಿಯ ನಗರಸಭೆಯ ಕಾರು ನಿಲುಗಡೆಯನ್ನು ಅಗೆದಾಗ ರಿಚರ್ಡ್ ಸಿಕ್ಕಿದ. ಒಂದು ಕಾಲಕ್ಕೆ ಅದು ಫ್ರಾನ್ಸಿಸ್ಕನ್ ಸನ್ಯಾಸಿಗಳ ಚರ್ಚು. ಅಕ್ಕನ ಹೆಣ್ಣುಸಂತತಿಯಲ್ಲಿ ಬಂದವರ ಡಿಎನ್‌ಎ ತಾಳೆ ಹಾಕಿ ನೋಡಿ 2013ರಲ್ಲಿ ಅವನೇ ಎಂದು ಪ್ರಕಟಿಸಿದರು. ಬೆನ್ನೆಲುಬು ಪಕ್ಕಕ್ಕೆ ಬಾಗಿತ್ತು, ಒಂದು ಭುಜ ಮೇಲಿರುತ್ತಿತ್ತು. ನಾಟಕದಲ್ಲಿರುವ ಗೂನು ಇಲ್ಲ, ಒಣಗಿದ ಕೈಯೂ ಇಲ್ಲ. ಅಳತೆಗೆ ಸರಿಯಾಗಿ ಹೊಲಿದ ಅಂಗಿ ತೊಟ್ಟರೆ ಹೆಚ್ಚೇನೂ ಕಾಣಿಸುತ್ತಿರಲಿಲ್ಲ ಎನ್ನುತ್ತಾರೆ. 2015ರ ಮಾರ್ಚಿನಲ್ಲಿ ಇಲ್ಲಿನ ಕೆಥೆಡ್ರಲ್‌ನಲ್ಲಿ ಮರುಸಮಾಧಿಯಾಯಿತು. ಅಗೆದ ಗುಂಡಿಯ ಮೇಲೆ ಗಾಜು ಹಾಸಿ ಪಕ್ಕದಲ್ಲೇ ಪ್ರದರ್ಶನಾಲಯ ಕಟ್ಟಿದ್ದಾರೆ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋದರೆ ಅರ್ಧ ದಿನಕ್ಕೆ ಸಾಕು.

ಅನುಮಾನಪ್ಪ

ಕಾರು ನಿಲ್ಲಿಸುವ ಜಾಗದಲ್ಲಿ ರಾಜ! ಇದು ಕಾದಂಬರಿಯಲ್ಲಿ ಬಂದಿದ್ದರೆ ಸಂಪಾದಕರು ಕಡಿದುಹಾಕುತ್ತಿದ್ದರು. ಸರಿ, ಟೇ ಪುಸ್ತಕ ತರಿಸುತ್ತೇನೆ. ಆದರೂ ಒಂದು ಪ್ರಶ್ನೆ. ಹಳೆಯ ಕಾಲಕ್ಕೆ ಕಾಗದ ಕಳೆದುಹೋಯಿತು, ಒಪ್ಪೋಣ. ನೂರು ವರ್ಷದ ಈಚಿನ ರಾಜರ ಬಗ್ಗೆಯಾದರೂ ಜೀವನಚರಿತ್ರೆಗಳನ್ನು ನಂಬಬಹುದಲ್ಲ? ಸಾಕ್ಷಿಗಳು ಬದುಕಿದ್ದರು, ಪತ್ರಿಕೆಗಳಿದ್ದವು.

ಹಳೆಪುಸ್ತಕ

ಈ ಪ್ರಶ್ನೆಗೇ ಕಾಯುತ್ತಿದ್ದೆ.

ಐದನೆಯ ಜಾರ್ಜ್‌ನ ಅಧಿಕೃತ ಜೀವನಚರಿತ್ರೆ ಹೆರಾಲ್ಡ್ ನಿಕಲ್ಸನ್ ಬರೆದದ್ದು, 1952ರಲ್ಲಿ ಬಂತು. ಕೆಲಸ ಒಪ್ಪಿಸುವಾಗಲೇ ಅರಮನೆಯವರು ಷರತ್ತು ತಿಳಿಸಿದ್ದರು: ರಾಜನ ಹೆಸರಿಗೆ ಕುಂದು ತರುವುದೇನೂ ಬರಬಾರದು. ನಿಕಲ್ಸನ್ ಒಪ್ಪಿದರು, ಗಂಭೀರವಾದ ಪುಸ್ತಕ ಬರೆದರು. ಆದರೆ ಪಟ್ಟಕ್ಕೆ ಬರುವ ಮುಂಚೆ ಹದಿನೇಳು ವರ್ಷ ಈತ ಪ್ರಾಣಿ ಬೇಟೆಯಾಡಿ ಅಂಚೆಚೀಟಿ ಅಂಟಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ ಎಂಬ ಅರ್ಥದ ಮಾತನ್ನು ಸ್ವಂತದ ಬರಹದಲ್ಲಿ ದಾಖಲಿಸಿದರು.

ಅದೇ ರಾಜನ ಸಾವಿನ ಕಥೆ ಇನ್ನೂ ವಿಚಿತ್ರ. 1936ರ ಜನವರಿ 20ರ ರಾತ್ರಿ ಆತ ನೆಮ್ಮದಿಯಾಗಿ ಕೊನೆಯುಸಿರೆಳೆದ ಎಂದು ಜಗತ್ತು ಓದಿತು. ಐವತ್ತು ವರ್ಷ ಕಳೆದು, 1986ರಲ್ಲಿ, ಅರಮನೆಯ ವೈದ್ಯ ಲಾರ್ಡ್ ಡಾಸನ್ ಅವರ ಟಿಪ್ಪಣಿ ಹೊರಬಂತು. ಪ್ರಜ್ಞೆ ತಪ್ಪಿದ್ದ ರಾಜನಿಗೆ ಮಾರ್ಫಿನ್ ಮತ್ತು ಕೊಕೇನ್ ಚುಚ್ಚಿ ಸಾವನ್ನು ಬೇಗ ತಂದದ್ದು ತಾನೇ ಎಂದು ಅದರಲ್ಲಿ ಬರೆದುಕೊಂಡಿದ್ದರು. ಕಾರಣಗಳಲ್ಲಿ ಒಂದು: ಸುದ್ದಿ ಸಂಜೆಯ ಪತ್ರಿಕೆಗಳ ಪಾಲಾಗದೆ ಬೆಳಗಿನ 'ದಿ ಟೈಮ್ಸ್'ನಲ್ಲಿ ಮೊದಲು ಬರಲಿ ಎಂಬುದು. ಈ ವಿಷಯ ಬಯಲಿಗೆ ತಂದ ಫ್ರಾನ್ಸಿಸ್ ವಾಟ್ಸನ್ ಅವರೇ 1950ರಲ್ಲಿ ಡಾಸನ್ ಜೀವನಚರಿತ್ರೆ ಬರೆದವರು. ಆಗ ಇದನ್ನು ಬಿಟ್ಟಿದ್ದರು. ಯಾವುದೇ ಕಾದಂಬರಿಕಾರ ಇದನ್ನು ಕಲ್ಪಿಸಿ ಬರೆದಿದ್ದರೆ ಅರಮನೆಯ ಮೇಲೆ ಗೂಬೆ ಕೂರಿಸುತ್ತಾನೆ ಎಂದು ಬೈಯುತ್ತಿದ್ದೆವು.

ಇನ್ನು ವಿಕ್ಟೋರಿಯಾ. 1832ರಲ್ಲಿ ಹದಿಮೂರನೆಯ ವಯಸ್ಸಿಗೆ ದಿನಚರಿ ಬರೆಯಲು ಆರಂಭಿಸಿ 1901ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಮೂಲ ದಿನಚರಿಯ ಬಹುಭಾಗ ಇಂದು ಇಲ್ಲ. ಕಿರಿಯ ಮಗಳು ಬಿಯಾಟ್ರಿಸ್ ವರ್ಷಗಟ್ಟಲೆ ಕುಳಿತು ಅದನ್ನು ನಕಲು ಮಾಡುತ್ತ, ಇದು ಬೇಡ ಅನ್ನಿಸಿದ್ದನ್ನು ಬಿಡುತ್ತ, ಮೂಲವನ್ನು ಸುಡುತ್ತ ಹೋದಳು. ತಾಯಿಯೇ ಒಪ್ಪಿಸಿದ ಕೆಲಸ ಅದು. ಪುಣ್ಯಕ್ಕೆ ಲಾರ್ಡ್ ಎಷರ್ ಎಂಬಾತ ಮೊದಲ ವರ್ಷಗಳದ್ದನ್ನು, 1840ರವರೆಗೆ, ಅದಕ್ಕೆ ಮುಂಚೆಯೇ ಟೈಪ್ ಮಾಡಿಸಿ ಇಟ್ಟಿದ್ದ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ಮಗಳ ಕತ್ತರಿ ಎಲ್ಲೆಲ್ಲಿ ಆಡಿದೆ ಎಂಬುದು ಕಾಣುತ್ತದೆ. ಮುಂದೆ ಗಂಡನಾದ ಆಲ್ಬರ್ಟ್ ಮೇಲಿನ ಮೋಹವನ್ನು ವಿಕ್ಟೋರಿಯಾ ಕೊಂಡಾಡಿ ಬರೆದ ಕಡೆಗಳಲ್ಲಿ ಬಿಯಾಟ್ರಿಸ್ ತಣ್ಣೀರು ಎರಚಿದ್ದಾಳೆ. 1840ರಿಂದಾಚೆಗಿನ ಅರವತ್ತು ವರ್ಷಕ್ಕೆ ಹೋಲಿಸಿ ನೋಡಲು ಹೆಚ್ಚೇನೂ ಉಳಿದಿಲ್ಲ. ಉಳಿದ ಸಂಪುಟಗಳು 141. ಇವು 2012ರಲ್ಲಿ ಅಂತರ್ಜಾಲಕ್ಕೆ ಬಂದವು. ಇಷ್ಟು ದೊಡ್ಡ ರಾಶಿ ನೋಡಿದ ಓದುಗನಿಗೆ ಎಲ್ಲವೂ ಇಲ್ಲಿದೆ ಎಂಬ ಭ್ರಮೆ ಬರುವುದು ಸಹಜ.

ಕೊಡಗಿನಮಳೆ

ವಿಕ್ಟೋರಿಯಾ ಮಾತು ಬಂದಾಗ ನಮ್ಮ ಗೌರಮ್ಮನನ್ನು ಯಾರೂ ನೆನೆಯುತ್ತಿಲ್ಲವಲ್ಲ. ಕೊಡಗಿನ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಪದಚ್ಯುತನಾಗಿ ಕಾಶಿಗೆ ಹೋದ. 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಕಂಪನಿಯ ಬಳಿ ಸಿಕ್ಕಿಬಿದ್ದಿದ್ದ ತನ್ನ ಹಣಕ್ಕಾಗಿ ಅಲ್ಲಿ ದಾವೆ ಹೂಡಿದ. ಆ ಬೇಸಿಗೆಯಲ್ಲೇ, ಹನ್ನೊಂದು ವರ್ಷದ ಗೌರಮ್ಮನಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಪಂಜಾಬಿನ ದುಲೀಪ್ ಸಿಂಗ್‌ಗೆ ಅವಳನ್ನು ಮದುವೆ ಮಾಡಿಸಬೇಕೆಂಬ ಆಸೆ ರಾಣಿಗಿತ್ತು, ಅದು ಕೂಡಿಬರಲಿಲ್ಲ. 1860ರಲ್ಲಿ ತನಗಿಂತ ಎಷ್ಟೋ ದೊಡ್ಡವನಾದ ಒಬ್ಬ ಸೇನಾಧಿಕಾರಿಯನ್ನು ಮದುವೆಯಾದಳು. 1864ರಲ್ಲಿ ಪುಟ್ಟ ಮಗಳನ್ನು ಬಿಟ್ಟು ತೀರಿಕೊಂಡಳು. ಅಪ್ಪ 1859ರಲ್ಲೇ ಲಂಡನ್‌ನಲ್ಲಿ ಸತ್ತಿದ್ದ, ಸಮಾಧಿ ಕೆನ್ಸಲ್ ಗ್ರೀನ್‌ನಲ್ಲಿದೆ. ಸಿ. ಪಿ. ಬೆಳ್ಳಿಯಪ್ಪನವರು ಇವಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದಾರೆ, ಓದಿ.

ತುಂಗಾತೀರ ಅವರು ರಿಚರ್ಡ್ ಬಗ್ಗೆ ಬರೆದದ್ದನ್ನು ಓದುವಾಗ ನನಗೆ ಬೇರೆಯೇ ರಾಜ ಕಣ್ಮುಂದೆ ಬಂದ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದದ ಕನ್ನಡಿಗರು ಕಡಿಮೆ. ಕುಡುಕ, ಕ್ರೂರಿ, ಕುಂಟ ಬಸವನ ಮಾತಿಗೆ ಕುಣಿಯುವ ಅರಸ. ಪಕ್ಕದಲ್ಲಿ ಆ ಗಾಂಭೀರ್ಯದ ರಾಣಿ. ಮಹಾ ಕಾದಂಬರಿ, ಅನುಮಾನವೇ ಇಲ್ಲ. ಆದರೆ ಅವನು ಎಷ್ಟು ಕೆಟ್ಟವನೆಂದು ಬರೆದಿಟ್ಟವರಲ್ಲಿ ಮುಂದೆ ನಿಂತವರು ಅವನ ರಾಜ್ಯ ಕಿತ್ತುಕೊಂಡವರು. ಜನರ ಒಕ್ಕೊರಲ ಇಷ್ಟದಂತೆ ಕೊಡಗನ್ನು ವಶಕ್ಕೆ ತೆಗೆದುಕೊಂಡೆವು ಎಂದು 1834ರಲ್ಲಿ ಘೋಷಣೆ ಹೊರಡಿಸಿದವರಿಗೆ ಅರಸ ರಾಕ್ಷಸನಾಗಿರುವುದು ಬೇಕಾಗಿತ್ತು. ಅವನು ಸಾಧುವಾಗಿದ್ದ ಎಂದು ನಾನು ವಾದಿಸುತ್ತಿಲ್ಲ. ಮನೆಮಂದಿಯ ರಕ್ತ ಅವನ ಕೈಗೆ ಅಂಟಿತ್ತು. ನಮ್ಮ ಅಜ್ಜಿಯ ಬಾಯಲ್ಲಿ ಮಾತ್ರ ಅವನ ಬಗ್ಗೆ ಬೈಗುಳವೂ ಇತ್ತು, ಮರುಕವೂ ಇತ್ತು.

ತುಂಗಾತೀರ

ಹೋಲಿಕೆ ಅರ್ಧ ಸರಿ. ಮಾಸ್ತಿ ಗೆದ್ದವರ ಭಾಷೆಯಲ್ಲಿ ಬರೆದವರಲ್ಲ. ಅವರ ಕಾದಂಬರಿಯಲ್ಲಿ ಇಂಗ್ಲಿಷರು ಉದ್ಧಾರಕರಾಗಿ ಬರುವುದಿಲ್ಲ, ಮನೆ ಒಡೆದಾಗ ಒಳನುಗ್ಗುವವರಾಗಿ ಬರುತ್ತಾರೆ. ಮಂತ್ರಿ ಬೋಪಣ್ಣನ ಸಂಕಟ ನೋಡಿ: ರಾಜನನ್ನು ಇಳಿಸದೆ ನಾಡು ಉಳಿಯದು, ಇಳಿಸಿದರೆ ನಾಡೇ ಕೈತಪ್ಪುತ್ತದೆ. ಶೇಕ್ಸ್‌ಪಿಯರನ ನಾಟಕದಲ್ಲಿ ಹೆನ್ರಿಯ ಕಡೆಯವರಿಗೆ ಇಂಥ ಅಳುಕು ಎಲ್ಲಿದೆ?

ಕೊಡಗಿನಮಳೆ

ಬೋಪಣ್ಣನ ವಿಷಯ ಒಪ್ಪಿದೆ. ರಾಜನ ವಿಷಯದಲ್ಲಿ ನನ್ನ ತಕರಾರು ಹಾಗೆಯೇ ಇದೆ.

ಲೆಸ್ಟರ್‌ವಾಸಿ

ಚರ್ಚೆ ಕೊಡಗಿಗೆ ಹೋಯಿತು, ನಾನು ಸ್ಕಾಟ್ಲೆಂಡಿಗೆ ಎಳೆಯುತ್ತೇನೆ. ಅಲ್ಲಿಯ ರಾಣಿ ಮೇರಿ ಮತ್ತು ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ಜೀವಮಾನದಲ್ಲಿ ಒಮ್ಮೆಯೂ ಮುಖಾಮುಖಿಯಾಗಿಲ್ಲ. 1800ರಲ್ಲಿ ಜರ್ಮನಿಯ ಶಿಲ್ಲರ್ ತನ್ನ ನಾಟಕದಲ್ಲಿ ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ಜಗಳವಾಡಿಸಿದ. ಆಮೇಲೆ ಸಿನಿಮಾದವರೂ ಆ ಭೇಟಿಯನ್ನು ಬಿಡಲೊಲ್ಲರು. ನಾಟಕ ನೋಡಿ ಬಂದು ಆಂಟೋನಿಯಾ ಫ್ರೇಸರ್ ಅವರ 1969ರ ಮೇರಿ ಜೀವನಚರಿತ್ರೆ ಓದಿದರೆ, ಭೇಟಿಯಾಗದೇ ಇದ್ದದ್ದೇ ಹೆಚ್ಚು ಭಯಂಕರ ಅನ್ನಿಸುತ್ತದೆ. ಹತ್ತೊಂಬತ್ತು ವರ್ಷ ಸೆರೆ, ಬರೀ ಪತ್ರಗಳು, ಕೊನೆಗೆ 1587ರಲ್ಲಿ ಕೊಡಲಿ. ಆರಂಭಿಸುವವರಿಗೆ ಜೀವನಚರಿತ್ರೆಗಳಲ್ಲಿ ನನ್ನ ಆಯ್ಕೆ ಇದೇ. ಕಾದಂಬರಿಯಂತೆ ಓಡುತ್ತದೆ.

ಅನುಮಾನಪ್ಪ

ಕೊಡಗಿನ ಕಥೆ ಓದಿದ ಮೇಲೆ ನನ್ನ ಮೊದಲ ಪ್ರಶ್ನೆಯ ಬಿಸಿ ಸ್ವಲ್ಪ ಆರಿದೆ. ವಿಕ್ಟೋರಿಯಾಗೆ ಉರ್ದು ಕಲಿಸಿದ ಮುನ್ಷಿಯ ಬಗ್ಗೆ ಏನು ಓದಬೇಕು? ಸಿನಿಮಾ ನೋಡಿದ್ದೆ, ಅರ್ಧ ನಂಬಲಿಲ್ಲ.

ಹಳೆಪುಸ್ತಕ

ಶ್ರಾಬಣಿ ಬಸು ಅವರ 'ವಿಕ್ಟೋರಿಯಾ ಅಂಡ್ ಅಬ್ದುಲ್'. ರಾಣಿ ಸತ್ತ ಕೂಡಲೇ ಮಗ ಏಳನೆಯ ಎಡ್ವರ್ಡ್ ಅಬ್ದುಲ್ ಕರೀಂ ಮನೆಗೆ ಜನರನ್ನು ಕಳಿಸಿ, ಅವಳು ಬರೆದಿದ್ದ ಪತ್ರಗಳನ್ನು ತೆಗೆಸಿ ಸುಡಿಸಿದ. ಆಗ್ರಾಕ್ಕೆ ಮರಳಿದ ಕರೀಂ 1909ರಲ್ಲಿ ತೀರಿಕೊಂಡ. ಆದರೆ ರಾಣಿ ಉರ್ದು ಕಲಿಯುತ್ತ ತನ್ನ ಕೈಯಾರೆ ಬರೆದ ಅಭ್ಯಾಸದ ಪುಸ್ತಕಗಳು ವಿಂಡ್ಸರ್‌ನಲ್ಲೇ ಉಳಿದವು. ಸುಡುವವರಿಗೆ ಆ ಲಿಪಿ ಬರುತ್ತಿರಲಿಲ್ಲ, ಅದಕ್ಕೇ ಉಳಿದಿರಬೇಕು ಎಂಬುದು ನನ್ನ ಊಹೆ. ಬಸು ಕುಳಿತು ಓದಿದ್ದು ಅವನ್ನೇ.

ಕೊಳ್ಳುವಾಗ ಆವೃತ್ತಿ ನೋಡಿಕೊಳ್ಳಿ. ಮೊದಲ ಮುದ್ರಣ ಬಂದ ಮೇಲೆ ಕರೀಂನ ಸ್ವಂತ ದಿನಚರಿ ಕರಾಚಿಯಲ್ಲಿದ್ದ ಅವನ ಬಂಧುಗಳ ಬಳಿ ಸಿಕ್ಕಿತು. ಅದನ್ನು ಬಳಸಿ ತಿದ್ದಿದ ಆವೃತ್ತಿಯೇ ಬೇಕು. ಹಳೆಯ ಪುಸ್ತಕದಂಗಡಿಗಳಲ್ಲಿ ಮೊದಲಿನದೇ ಹೆಚ್ಚು ಸಿಗುತ್ತದೆ, ಅಗ್ಗವೆಂದು ಎತ್ತಿಕೊಳ್ಳಬೇಡಿ.

ಕಾಫಿತೋಟ

ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಸಿಕ್ಕಿತು. ವೂಲ್ಫ್ ಹಾಲ್ ತರಿಸಿದ್ದೇನೆ, ಪಾತ್ರಗಳ ಪಟ್ಟಿಯೇ ಐದು ಪುಟ ಇದೆ! ಅಣ್ಣ ಈ ಎಳೆಯನ್ನು ಓದಿ ಏನೂ ಮಾತನಾಡಲಿಲ್ಲ, ಟೇ ಪುಸ್ತಕ ಬಂದರೆ ಮೊದಲು ತನಗೆ ಕೊಡಬೇಕು ಎಂದ. ಬೆಳ್ಳಿಯಪ್ಪನವರ ಪುಸ್ತಕ ಮಡಿಕೇರಿಯಲ್ಲಿ ಎಲ್ಲಿ ಸಿಗಬಹುದು, ಕೊಡಗಿನಮಳೆ ಅವರೇ? ಮುಂದಿನ ತಿಂಗಳು ಆ ಕಡೆ ಬರುವುದಿದೆ.

ಕೊಡಗಿನಮಳೆ

ಬರುವ ಮುಂಚೆ ಇಲ್ಲಿ ಒಂದು ಸಾಲು ಬರೆಯಿರಿ. ನನ್ನ ಪ್ರತಿಯನ್ನೇ ಕೊಡುತ್ತೇನೆ, ಓದಿ ಹಿಂದಿರುಗಿಸಿದರೆ ಸಾಕು.